ಮನೆಯಲ್ಲೇ ಮಾಡಿದ ಧ್ವನಿಪೆಟ್ಟಿಗೆಯ ಚರಿತ್ರೆ

ನಮ್ಮ ಊರುಗಳಲ್ಲಿ ಧ್ವನಿವರ್ಧಕಕ್ಕೆ ಬಹುಕಾಲ 'ಮೈಕು' ಎಂದೇ ಹೆಸರಿತ್ತು. ಮದುವೆ ಮನೆಯ ಮುಂದಿನ ಮರಕ್ಕೆ ಕಟ್ಟಿದ ಕಹಳೆಯಾಕಾರದ ತಗಡೂ ಮೈಕು, ಭಾಷಣಕಾರರ ಬಾಯಿಯ ಮುಂದೆ ನಿಲ್ಲಿಸಿದ ಕಂಬವೂ ಮೈಕು, ಇವೆರಡನ್ನೂ ಬಾಡಿಗೆಗೆ ತರುವವನು 'ಮೈಕ್ ಸೆಟ್ಟಿನವನು'. ಶಬ್ದವನ್ನು ಹಿಡಿಯುವುದು ಯಾವುದು, ಹೊರಡಿಸುವುದು ಯಾವುದು ಎಂಬ ಭೇದ ಜನರಿಗೆ ಬೇಕಾಗಿರಲಿಲ್ಲ. ಸೋಜಿಗವೆಂದರೆ ಈ ಅಭೇದದಲ್ಲಿ ಸ್ವಲ್ಪ ಸತ್ಯವೂ ಇದೆ. ಪುಟ್ಟ ಸ್ಪೀಕರಿನ ಎದುರು ಮಾತನಾಡಿದರೆ ಅದರ ತಂತಿಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ. ಹಳೆಯ ಕಚೇರಿಗಳ ಇಂಟರ್‌ಕಾಮ್‌ಗಳಲ್ಲಿ ಒಂದೇ ಸ್ಪೀಕರು ಕಿವಿಯೂ ಬಾಯಿಯೂ ಆಗಿ ಕೆಲಸ ಮಾಡುತ್ತಿತ್ತು.

ಉತ್ತಮವಾದ ಸ್ಪೀಕರನ್ನು ಮನೆಯಲ್ಲಿ ಕೈಯಾರೆ ಮಾಡಿಕೊಳ್ಳುವ ವಿದ್ಯೆ ಹೇಗೆ ಬೆಳೆಯಿತು ಎಂಬುದನ್ನು ಈ ಬಾರಿ ಬರೆಯಬೇಕೆಂದಿದ್ದೇನೆ. ವಿಜ್ಞಾನ, ಗಣಿತ ಪಾಠ ಮಾಡಿದ ನನಗೆ ಈ ಚರಿತ್ರೆ ಪ್ರಿಯವಾಗಲು ಕಾರಣವಿದೆ. ಇದರ ಮುಖ್ಯ ಪಾತ್ರಗಳಲ್ಲಿ ಹಲವರು ತಾವು ಕಂಡುಕೊಂಡಿದ್ದನ್ನು ಬಚ್ಚಿಡದೆ, ಸಾಮಾನ್ಯನೂ ಅನುಸರಿಸಬಹುದಾದಂತೆ ಬರೆದಿಟ್ಟರು. ಅವರು ಬರೆದಿಡದಿದ್ದರೆ ನಮ್ಮಂಥ ತಾಲ್ಲೂಕು ಊರಿನ ಶಾಲೆಗೆ ಈ ವಿದ್ಯೆ ತಲುಪುತ್ತಿರಲಿಲ್ಲ.

ಮೊದಲು ಉಪಕರಣದ ಜನ್ಮವೃತ್ತಾಂತ. ಆಯಸ್ಕಾಂತದ ನಡುವೆ ತಂತಿಯ ಸುರುಳಿಯೊಂದನ್ನು ತೂಗಿಬಿಟ್ಟು ಅದರಲ್ಲಿ ವಿದ್ಯುತ್ತು ಹರಿಸಿದರೆ ಸುರುಳಿ ಅಲುಗುತ್ತದೆ ಎಂಬ ತತ್ತ್ವವನ್ನು ಆಧರಿಸಿ ಜರ್ಮನಿಯ ಸೀಮೆನ್ಸ್ 1870ರ ದಶಕದಲ್ಲೇ ಪೇಟೆಂಟ್ ಪಡೆದಿದ್ದರು. ಇಂಗ್ಲೆಂಡಿನ ಆಲಿವರ್ ಲಾಡ್ಜ್ 1898ರಲ್ಲಿ ಚಲಿಸುವ ಸುರುಳಿಗೆ ಇನ್ನೊಂದು ಪೇಟೆಂಟ್ ಪಡೆದರು. ಆದರೆ ಅಲುಗಿಸುವಷ್ಟು ಬಲವಾದ ಸಂಕೇತವನ್ನು ಕೊಡಬಲ್ಲ ಆಂಪ್ಲಿಫೈಯರ್ ಆಗ ಇರಲಿಲ್ಲ. ನಿರ್ವಾತ ನಳಿಕೆಗಳು ಬಂದ ನಂತರವೇ ಈ ಕನಸು ನನಸಾದುದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಅವರು ಕಹಳೆಯಿಲ್ಲದ, ಕಾಗದದ ಶಂಕುವಿನ ಸ್ಪೀಕರನ್ನು ಕುರಿತ ಪ್ರಬಂಧವನ್ನು 1925ರಲ್ಲಿ ಪ್ರಕಟಿಸಿದರು. ಇಂದು ನಿಮ್ಮ ಮನೆಯ ಟಿವಿಯಲ್ಲಿರುವ ಸ್ಪೀಕರು ಮೂಲತಃ ಅದೇ.

ಅತ್ತ ಅವರು ಈ ಪ್ರಬಂಧ ಬರೆದ ಕಾಲದಲ್ಲಿ ಇತ್ತ ನಮ್ಮಲ್ಲಿ ಸಂಗೀತ ಕಚೇರಿಗಳು ಯಾವ ವರ್ಧಕವೂ ಇಲ್ಲದೆ ನಡೆಯುತ್ತಿದ್ದವು. ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಗಳ ಪಿಟೀಲನ್ನು ರೂಪಿಸಿದ್ದು ತಮ್ಮ ವಾದನ ಹಿಂದಿನ ಸಾಲಿನ ಶ್ರೋತೃವಿಗೂ ಕೇಳಲೆಂದು. ಒಂದೇ ತೊಂದರೆಗೆ ಎರಡು ದೇಶಗಳಲ್ಲಿ ಎರಡು ಬಗೆಯ ಪರಿಹಾರ.

ಇನ್ನು ಪೆಟ್ಟಿಗೆಯ ವಿಚಾರ. ಬರಿಯ ಸ್ಪೀಕರನ್ನು ಕೈಯಲ್ಲಿ ಹಿಡಿದು ಹಾಡು ಹಾಕಿದರೆ ಅದು ಕೀರಲಾಗಿ ಕೇಳುತ್ತದೆ, ಮೃದಂಗದ ಎಡಭಾಗದ ನಾದ ಸತ್ತುಹೋಗಿರುತ್ತದೆ. ಕಾರಣ ಸರಳ. ಶಂಕು ಮುಂದಕ್ಕೆ ತಳ್ಳಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ, ಅದೇ ಕ್ಷಣ ಬೆನ್ನಿನ ಗಾಳಿ ಸಡಿಲಗೊಳ್ಳುತ್ತದೆ. ಮುಂದಿನ ಒತ್ತಡ ಅಂಚನ್ನು ಸುತ್ತಿ ಹಿಂದಕ್ಕೆ ಹೋಗಿ ಆ ಸಡಿಲವನ್ನು ತುಂಬಿಬಿಡುತ್ತದೆ. ಎತ್ತರದ ಸ್ವರಗಳ ಅಲೆ ಗಿಡ್ಡವಾದ್ದರಿಂದ ಅವುಗಳಿಗೆ ಈ ಬಾಧೆಯಿಲ್ಲ. ಆದರೆ 50 ಹರ್ಟ್ಸ್‌ನ ಮಂದ್ರ ನಾದದ ಅಲೆಯ ಉದ್ದ ಸುಮಾರು 7 ಮೀಟರು. ಅದನ್ನು ತಡೆಯಲು ಬೇಕಾಗುವ ಹಲಗೆ ಮನೆಯ ಗೋಡೆಯಷ್ಟು ದೊಡ್ಡದು! ಹಿಂದೆ ಪಾಶ್ಚಾತ್ಯ ದೇಶಗಳಲ್ಲಿ ಕೆಲವು ಹವ್ಯಾಸಿಗಳು ಗೋಡೆಗೇ ತೂತು ಕೊರೆದು ಸ್ಪೀಕರು ಕೂರಿಸುತ್ತಿದ್ದರು. ಮನೆಯ ಯಜಮಾನಿತಿಯರು ಇದಕ್ಕೆ ಏನೆನ್ನುತ್ತಿದ್ದರೆಂಬುದನ್ನು ಓದುಗರ ಊಹೆಗೆ ಬಿಡುತ್ತೇನೆ.

ನಮ್ಮ ಹಳ್ಳಿಗಳ ರೇಡಿಯೊ ರಿಪೇರಿಯವರು ಕಂಡುಕೊಂಡ ಉಪಾಯ ಬೇರೆ. ಅವರು ಸ್ಪೀಕರನ್ನು ಮಣ್ಣಿನ ಗಡಿಗೆಯ ಬಾಯಿಗೆ ಬೋರಲು ಹಾಕಿ ಮೇಣ ಮೆತ್ತುತ್ತಿದ್ದರು. ಕ್ಷೌರದಂಗಡಿಗಳಲ್ಲಿ, ಚಹಾದಂಗಡಿಗಳಲ್ಲಿ ಇಂಥ ಗಡಿಗೆ ಸ್ಪೀಕರುಗಳನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. 'ಗಡಿಗೆಗೆ ಹಾಕಿದರೆ ಗುಂ ಬರುತ್ತದೆ' ಎಂಬುದು ಅವರ ಸೂತ್ರ. ಈ ಸೂತ್ರ ಸುಳ್ಳಲ್ಲ. ಗಡಿಗೆ ಬೆನ್ನಿನ ಶಬ್ದವನ್ನು ಒಳಗೇ ಬಂಧಿಸುತ್ತದೆ. ಗುಂಡಗಿನ ಮಣ್ಣಿನ ಗೋಡೆ ಸುಲಭವಾಗಿ ನಡುಗುವುದಿಲ್ಲ. ಮೇಲಾಗಿ ಎಲ್ಲಾದರೂ ಒಂದು ರಂಧ್ರವಿಟ್ಟರೆ ಗಡಿಗೆಯೊಳಗಿನ ಗಾಳಿ ತನ್ನದೇ ಒಂದು ಸ್ವರದಲ್ಲಿ ಮಿಡಿಯುತ್ತದೆ. ಖಾಲಿ ಶೀಸೆಯ ಬಾಯಿಗೆ ಊದಿದಾಗ ಬರುವ ನಾದದ ರಹಸ್ಯವೂ ಇದೇ. ಇದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಲೆಕ್ಕಕ್ಕೆ ತಂದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ಬೆಲ್ ಪ್ರಯೋಗಾಲಯದ ಆಲ್ಬರ್ಟ್ ತುರಾಸ್ ಇದೇ ತತ್ತ್ವವನ್ನು ಸ್ಪೀಕರಿನ ಪೆಟ್ಟಿಗೆಗೆ ಅಳವಡಿಸಿ 1932ರಲ್ಲಿ ಪೇಟೆಂಟ್ ಪಡೆದರು. ಪೆಟ್ಟಿಗೆಯ ಮುಖದಲ್ಲಿ ಕಾಣುವ ಆ ಎರಡನೆಯ ತೂತು, ಅಥವಾ ಕೊಳವೆ, ಅವರ ಕೊಡುಗೆ.

ಅದೇ 1932ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಇಲ್ಕ್ಲಿ ಎಂಬ ಊರಿನಲ್ಲಿ ಗಿಲ್ಬರ್ಟ್ ಬ್ರಿಗ್ಸ್ ಎಂಬ ಜವಳಿ ವ್ಯಾಪಾರದ ಮನುಷ್ಯ ತನ್ನ ಮನೆಯ ನೆಲಮಾಳಿಗೆಯಲ್ಲಿ ಮೊದಲ ಸ್ಪೀಕರನ್ನು ಮಾಡಿದರು. ಎಂಜಿನಿಯರಿಂಗ್ ಪದವಿ ಇಲ್ಲ. ಇದ್ದದ್ದು ಪಿಯಾನೊ ಸಂಗೀತದ ಮೋಹ. ಊರಿನ ಕಣಿವೆಯ ಹೆಸರನ್ನೇ ಇಟ್ಟು ಅವರು ಕಟ್ಟಿದ ವಾರ್ಫ್‌ಡೇಲ್ ಸಂಸ್ಥೆ ಮುಂದೆ ಜಗದ್ವಿಖ್ಯಾತವಾಯಿತು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 1948ರಲ್ಲಿ ಅವರು ಬರೆದು ಪ್ರಕಟಿಸಿದ 'ಲೌಡ್‌ಸ್ಪೀಕರ್ಸ್' ಎಂಬ ಪುಸ್ತಕ. ಸ್ಪೀಕರು ಮಾರಿ ಬದುಕುವ ವ್ಯಾಪಾರಿಯೇ ಸ್ಪೀಕರು ಕೆಲಸ ಮಾಡುವ ಬಗೆಯನ್ನೂ ಒಳ್ಳೆಯ ಧ್ವನಿ ಪಡೆಯುವ ಉಪಾಯವನ್ನೂ ಗಣಿತದ ಭಯವಿಲ್ಲದೆ, ಹಾಸ್ಯ ಬೆರೆಸಿ ಜನರಿಗೆ ಹೇಳಿಕೊಟ್ಟರು. ಪೆಟ್ಟಿಗೆಯ ಹಲಗೆ ನಡುಗಬಾರದೆಂದು ಎರಡು ಪ್ಲೈವುಡ್ ಹಲಗೆಗಳ ನಡುವೆ ಒಣ ಮರಳು ತುಂಬುವ ಕ್ರಮವನ್ನು ಬಳಕೆಗೆ ತಂದವರು ಅವರು. ಕೋಣೆಯ ಮೂಲೆಯಲ್ಲಿ ಇಟ್ಟಿಗೆಯಿಂದಲೇ ಪೆಟ್ಟಿಗೆ ಕಟ್ಟುವುದನ್ನೂ ಹೇಳಿಕೊಟ್ಟರು. 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಸಭಾಂಗಣದಲ್ಲಿ, ಮರುವರ್ಷ ನ್ಯೂಯಾರ್ಕಿನ ಕಾರ್ನೆಗೀ ಸಭಾಂಗಣದಲ್ಲಿ ಕಲಾವಿದರನ್ನೂ ಧ್ವನಿಮುದ್ರಣವನ್ನೂ ಒಂದೇ ವೇದಿಕೆಯಲ್ಲಿ ಕೇಳಿಸಿ, ಹೋಲಿಸಿ ನೋಡಿರೆಂದು ಸಭಿಕರ ಮುಂದಿಟ್ಟರು. ತನ್ನ ಸರಕನ್ನು ಅಸಲಿನ ಪಕ್ಕದಲ್ಲೇ ನಿಲ್ಲಿಸಿ ತೋರಿಸುವ ಧೈರ್ಯ ಎಷ್ಟು ವ್ಯಾಪಾರಿಗಳಿಗೆ ಇದ್ದೀತು?

ಈಗ ಒಬ್ಬ ಮೇಷ್ಟರ ಕಥೆ. ಎಡ್ಗರ್ ವಿಲ್ಚರ್ ಎಂಬವರು ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಧ್ವನಿ ಪುನರುತ್ಪಾದನೆಯ ತರಗತಿ ನಡೆಸುತ್ತಿದ್ದರು. ಆ ಕಾಲದಲ್ಲಿ ಮಂದ್ರ ಸ್ವರ ಬೇಕೆಂದರೆ ಬೀರುವಿನ ಗಾತ್ರದ ಪೆಟ್ಟಿಗೆ ಬೇಕಿತ್ತು. ವಿಲ್ಚರ್ ಯೋಚಿಸಿದ್ದು ಹೀಗೆ: ಸ್ಪೀಕರಿನ ಶಂಕುವನ್ನು ಹಿಂದಕ್ಕೆ ಎಳೆಯಲು ಅಂಚಿನಲ್ಲಿ ಬಿಗಿಯಾದ ಸುಕ್ಕುಗಳಿರುತ್ತವೆ, ಅವು ಸಮನಾಗಿ ಎಳೆಯದೆ ಶಬ್ದವನ್ನು ಕೆಡಿಸುತ್ತವೆ. ಆ ಬಿಗಿಯನ್ನು ತೆಗೆದುಹಾಕಿ, ಮುಚ್ಚಿದ ಪುಟ್ಟ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿದರೆ? ಗಾಳಿಗಿಂತ ಸಮನಾದ ಸ್ಪ್ರಿಂಗ್ ಇಲ್ಲ. ಪ್ರಯೋಗಕ್ಕಾಗಿ ಅವರು ಸ್ಪೀಕರಿನ ಅಂಚನ್ನು ಕತ್ತರಿಸಿ ತೆಗೆದರು. ಅದರ ಜಾಗಕ್ಕೆ ಹಾಸಿಗೆಯ ಬಟ್ಟೆಯಿಂದ ಹೊಸ ಅಂಚನ್ನು ರೂಪಿಸಿಕೊಟ್ಟವರು ಅವರ ಪತ್ನಿ ರೋಸ್‌ಮೇರಿ. ದೊಡ್ಡ ಸಂಸ್ಥೆಗಳು ಈ ಕಲ್ಪನೆಗೆ ಆಸಕ್ತಿ ತೋರಲಿಲ್ಲ. ಆಸಕ್ತಿ ತೋರಿದವನು ಅವರ ತರಗತಿಯಲ್ಲಿ ಕುಳಿತಿದ್ದ ಹೆನ್ರಿ ಕ್ಲಾಸ್ ಎಂಬ ವಿದ್ಯಾರ್ಥಿ. ಅವನು ಆಗಲೇ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಸ್ಪೀಕರ್ ಪೆಟ್ಟಿಗೆಗಳನ್ನು ಮಾಡುತ್ತಿದ್ದ. ಗುರು ಶಿಷ್ಯರು ಸೇರಿ 1954ರಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಸಂಸ್ಥೆ ಹೂಡಿದರು. ಅವರ ಮೊದಲ ಪೆಟ್ಟಿಗೆ ಪುಸ್ತಕದ ಕಪಾಟಿನ ಮೇಲೆ ಇಡಬಹುದಾದಷ್ಟು ಚಿಕ್ಕದು. ನಾದ ಮಾತ್ರ ಬೀರುವಿನದು. ಮುಂದೆ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಈ ಸಂಸ್ಥೆ ಒಂದು ಕೋಣೆ ತೆರೆದಿತ್ತು. ಯಾರು ಬೇಕಾದರೂ ಕುಳಿತು ಸಂಗೀತ ಕೇಳಬಹುದಾಗಿತ್ತು. ಅಲ್ಲಿ ಏನನ್ನೂ ಮಾರುತ್ತಿರಲಿಲ್ಲ.

ಇಷ್ಟಾದರೂ ಮನೆಯಲ್ಲಿ ಪೆಟ್ಟಿಗೆ ಮಾಡುವವನಿಗೆ ಒಂದು ಕೊರತೆ ಉಳಿದಿತ್ತು. ಕೊಂಡು ತಂದ ಈ ಸ್ಪೀಕರಿಗೆ ಎಷ್ಟು ದೊಡ್ಡ ಪೆಟ್ಟಿಗೆ ಬೇಕು? ಉತ್ತರ ಬಹುಮಟ್ಟಿಗೆ ಅಂದಾಜು. ಈ ಕೊರತೆಯನ್ನು ನೀಗಿಸಿದವರು ಆಸ್ಟ್ರೇಲಿಯಾದ ನೆವಿಲ್ ತೀಲ್. ಪೆಟ್ಟಿಗೆ ಮತ್ತು ಸ್ಪೀಕರು ಸೇರಿ ಒಂದು ವಿದ್ಯುತ್ ಶೋಧಕದಂತೆ ವರ್ತಿಸುತ್ತವೆ, ಆದ್ದರಿಂದ ಶೋಧಕಗಳ ಸಿದ್ಧ ಗಣಿತವನ್ನೇ ಇಲ್ಲಿ ಬಳಸಬಹುದು ಎಂದು ತೋರಿಸಿ, 28 ಬಗೆಯ ಹೊಂದಾಣಿಕೆಗಳ ಕೋಷ್ಟಕವನ್ನು ಅವರು 1961ರಲ್ಲಿ ಆಸ್ಟ್ರೇಲಿಯಾದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಹತ್ತು ವರ್ಷ ಹೊರಜಗತ್ತು ಅದನ್ನು ಹೆಚ್ಚಾಗಿ ಗಮನಿಸಲಿಲ್ಲ. 1971ರಲ್ಲಿ ಅಮೆರಿಕದ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆ ಅದನ್ನು ಮರುಮುದ್ರಿಸಿತು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ರಿಚರ್ಡ್ ಸ್ಮಾಲ್ ಅದನ್ನು ಇನ್ನಷ್ಟು ವಿಸ್ತರಿಸಿ ಸರಣಿ ಪ್ರಬಂಧಗಳನ್ನು ಬರೆದರು. ಇಂದು ಜಗತ್ತಿನಾದ್ಯಂತ ಸ್ಪೀಕರುಗಳ ಗುಣವನ್ನು 'ತೀಲ್-ಸ್ಮಾಲ್ ಅಂಕಿ'ಗಳಿಂದಲೇ ಹೇಳುತ್ತಾರೆ.

ಲೆಕ್ಕ ಎಂದೊಡನೆ ಪುಟ ಮಗುಚುವ ನನ್ನ ಹಳೆಯ ವಿದ್ಯಾರ್ಥಿಗಳು ದಯವಿಟ್ಟು ಒಂದು ನಿಮಿಷ ನಿಲ್ಲಬೇಕು. ಮೂರು ಅಂಕಿ ಸಾಕು. ಮೊದಲನೆಯದು, ಸ್ಪೀಕರು ತಾನಾಗಿ ಮಿಡಿಯಲು ಇಚ್ಛಿಸುವ ಆವೃತ್ತಿ. 40 ಹರ್ಟ್ಸ್ ಎನ್ನೋಣ. ಶಂಕುವಿನ ಭಾರ ಹೆಚ್ಚಿದಷ್ಟೂ ಇದು ಇಳಿಯುತ್ತದೆ. ಮೃದಂಗದ ಚರ್ಮಕ್ಕೆ ಕರಣೆ ಹಾಕಿ ಸ್ವರ ತಿದ್ದುವುದರಲ್ಲೂ ಭಾರದ ಈ ಮಹಿಮೆಯೇ ಇದೆ. ಅದನ್ನು ವೈಜ್ಞಾನಿಕವಾಗಿ ವಿವರಿಸಿದವರು ಸರ್ ಸಿ.ವಿ. ರಾಮನ್. ಎರಡನೆಯದು, ಮಿಡಿದ ಮೇಲೆ ಎಷ್ಟು ಬೇಗ ತಣಿಯುತ್ತದೆ ಎಂಬ ಗುಣಾಂಕ, 0.4 ಎನ್ನೋಣ. ಮೂರನೆಯದು, ಸ್ಪೀಕರಿನ ಅಂಚಿನ ಬಿಗಿಗೆ ಸಮನಾದ ಬಿಗಿಯುಳ್ಳ ಗಾಳಿಯ ಗಾತ್ರ. ಇದನ್ನು ಅಳೆಯುವ ಉಪಾಯ ಸೊಗಸಾಗಿದೆ. ಸ್ಪೀಕರನ್ನು 20 ಲೀಟರಿನ ಮುಚ್ಚಿದ ಪೆಟ್ಟಿಗೆಗೆ ಕೂರಿಸಿದಾಗ ಅದರ ಆವೃತ್ತಿ 40ರಿಂದ 69ಕ್ಕೆ ಏರಿತೆನ್ನಿ. 69ನ್ನು 40ರಿಂದ ಭಾಗಿಸಿ ವರ್ಗ ಮಾಡಿದರೆ ಹೆಚ್ಚುಕಡಿಮೆ 3. ಅದರಲ್ಲಿ 1 ಕಳೆದು 20ರಿಂದ ಗುಣಿಸಿದರೆ 40 ಲೀಟರು.

ಮುಚ್ಚಿದ ಪೆಟ್ಟಿಗೆಯಲ್ಲಿ ನಾದ ಗೊಗ್ಗರೂ ಆಗದೆ, ಬಡಕಲೂ ಆಗದೆ ಇರಲು ಒಟ್ಟು ಗುಣಾಂಕ 0.707ರ ಆಸುಪಾಸಿನಲ್ಲಿರಬೇಕು. 0.707ನ್ನು 0.4ರಿಂದ ಭಾಗಿಸಿ ವರ್ಗ ಮಾಡಿ, 1 ಕಳೆದರೆ 2.12. ನಮ್ಮ 40 ಲೀಟರನ್ನು ಅದರಿಂದ ಭಾಗಿಸಿದರೆ ಸುಮಾರು 19 ಲೀಟರು. ಒಳ ಅಳತೆಯಲ್ಲಿ 35 ಸೆಂಟಿಮೀಟರು ಎತ್ತರ, 27 ಅಗಲ, 20 ಆಳ. ಇಷ್ಟೇ! ಮೂರು ಅಳತೆಗಳೂ ಬೇರೆ ಬೇರೆಯಾಗಿರುವುದು ಉದ್ದೇಶಪೂರ್ವಕ; ಸಮನಾಗಿದ್ದರೆ ಒಳಗಿನ ಪ್ರತಿಧ್ವನಿಗಳೆಲ್ಲ ಒಂದೇ ಸ್ವರದಲ್ಲಿ ಕಲೆತು ಕಾಡುತ್ತವೆ.

1984ರಲ್ಲಿ ಬೆಂಗಳೂರಿನ ಎಂಜಿನಿಯರ್ ಸ್ನೇಹಿತರೊಬ್ಬರು ಈ ಪ್ರಬಂಧಗಳ ಜೆರಾಕ್ಸ್ ಪ್ರತಿಯನ್ನು ನನಗೆ ತಂದುಕೊಟ್ಟರು. ಆ ಕಾಲದ ಪರಿಸ್ಥಿತಿಯನ್ನು ಕಿರಿಯ ಓದುಗರಿಗೆ ಹೇಳಬೇಕು. ಹೊರದೇಶದ ಸ್ಟೀರಿಯೊಗಳ ಮೇಲೆ ಆಮದು ಸುಂಕ ವಿಪರೀತವಾಗಿತ್ತು. ಗಲ್ಫಿನಿಂದ ಬಂದ ನೆಂಟರು ತಂದರೆ ಉಂಟು. ಆದ್ದರಿಂದಲೇ 'ಅಸೆಂಬಲ್ ಮಾಡಿಸುವುದು' ಎಂಬ ಮಾತು ಮನೆಮಾತಾಗಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸ್ಪೀಕರು, ಟ್ರಾನ್ಸ್‌ಫಾರ್ಮರು, ಬೋರ್ಡು ಕೊಂಡು ತಂದು, ಊರಿನ ರೇಡಿಯೊ ಅಂಗಡಿಯಲ್ಲಿ ಜೋಡಿಸಿ, ಬಡಗಿಯಿಂದ ಡಬ್ಬ ಹೊಡೆಸುವುದು. ಅಳತೆ ಮಾತ್ರ ಯಾವಾಗಲೂ 'ಕಣ್ಣಂದಾಜು'.

ನಾನು ಆ ಲೆಕ್ಕವನ್ನು ಒಂಬತ್ತನೆಯ ತರಗತಿಯ ವಿಜ್ಞಾನ ಸಂಘದ ಮುಂದಿಟ್ಟೆ. ಆ ತಂಡದವರಿಗೆ ಇದು ನೆನಪಿರಲೇಬೇಕು. ಎಂಟು ಇಂಚಿನ ಸ್ಪೀಕರೊಂದನ್ನು ತಂದೆವು. ಸ್ನೇಹಿತರು ಸಂಕೇತ ಉತ್ಪಾದಕವನ್ನು ಎರಡು ದಿನದ ಮಟ್ಟಿಗೆ ಎರವಲು ಕೊಟ್ಟರು. ಮಕ್ಕಳು ವೋಲ್ಟ್‌ಮೀಟರಿನ ಮುಳ್ಳು ಅತಿ ಹೆಚ್ಚು ಏರುವ ಆವೃತ್ತಿಯನ್ನು ಹುಡುಕಿ ಬರೆದರು. ತರಗತಿಯಲ್ಲಿ ಒಬ್ಬ ಬಡಗಿಯ ಮಗನಿದ್ದ. ಗಣಿತದಲ್ಲಿ ಎಂದೂ ಮೂವತ್ತು ದಾಟಿದವನಲ್ಲ. ಆ ವರ್ಷದ ಕೊನೆಗೆ ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಪೆಟ್ಟಿಗೆಯ ಕೆಲಸ ಅವನ ಪಾಲಿಗೆ ಬಂತು. ಹಲಗೆಯ ದಪ್ಪ ಮುಕ್ಕಾಲು ಇಂಚಾದರೆ ಹೊರ ಅಳತೆ ಎಷ್ಟು, ಸ್ಪೀಕರಿನ ಬೆನ್ನು ನುಂಗುವ ಜಾಗಕ್ಕೆ ಎಷ್ಟು ಸೇರಿಸಬೇಕು ಎಂಬ ಪ್ರಶ್ನೆಗಳನ್ನು ಅವನೇ ಎತ್ತಿದ, ಅವನೇ ಬಿಡಿಸಿದ. 'ಇದರಲ್ಲಿ ವರ್ಗ ಯಾಕೆ ಬರುತ್ತದೆ ಸಾರ್?' ಎಂದು ಕೇಳಿದ. ಮೂರು ವರ್ಷದಲ್ಲಿ ಅವನು ನನ್ನನ್ನು ಕೇಳಿದ ಮೊದಲ ಗಣಿತದ ಪ್ರಶ್ನೆ ಅದು.

ಪೆಟ್ಟಿಗೆಯ ಸಂದುಗಳಿಗೆ ಅಂಟು, ಒಳಗೆ ಬೂರುಗದ ಹತ್ತಿ. ಮೇಲೆ ಎತ್ತರದ ಸ್ವರಗಳಿಗೆ ಸಣ್ಣ ಟ್ವೀಟರು. ಮಂದ್ರ ಅದಕ್ಕೆ ತಲುಪದಂತೆ ದಾರಿಯಲ್ಲಿ 4 ಮೈಕ್ರೊಫ್ಯಾರಡಿನ ಒಂದು ಕೆಪಾಸಿಟರು. 8 ಓಮಿನ ಟ್ವೀಟರಿಗೆ ಅದು ಸುಮಾರು 5000 ಹರ್ಟ್ಸ್‌ನಿಂದ ಮೇಲಿನದನ್ನು ಬಿಡುತ್ತದೆ. ಶಾಲಾ ವಾರ್ಷಿಕೋತ್ಸವದಲ್ಲಿ ಅದರಿಂದ ಮಲ್ಲಿಕಾರ್ಜುನ ಮನ್ಸೂರರ ಗಾಯನ ಕೇಳಿಸಿದೆವು. ತಂಬೂರಿಯ ಝೇಂಕಾರ ಪ್ರತ್ಯೇಕವಾಗಿ ನಿಂತಿತ್ತು. ಸಭೆ ಮುಗಿದ ಮೇಲೆ ಆ ಹುಡುಗನ ತಂದೆ ಬಂದು ಪೆಟ್ಟಿಗೆಯ ಮೂಲೆಗಳ ಮೇಲೆ ಬೆರಳಾಡಿಸಿ, 'ಇದ್ನ ಇವ್ನೇ ಮಾಡಿದ್ನಾ ಮೇಷ್ಟ್ರೇ?' ಎಂದರು. ಹೌದೆಂದೆ. 'ಲೆಕ್ಕಾನೂ ಇವ್ನೇ ಹಾಕಿದ್ನಾ?' ಎಂದರು. ಅದಕ್ಕೂ ಹೌದೆಂದೆ. ಅವರು ಮತ್ತೇನೂ ಹೇಳಲಿಲ್ಲ. ಜೂನ್ ತಿಂಗಳಲ್ಲಿ ಹುಡುಗ ಹತ್ತನೆಯ ತರಗತಿಯಲ್ಲಿ ಕುಳಿತಿದ್ದ. ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಅವನಿಗೆ 41 ಬಂತು. ನನ್ನ ಸೇವಾವಧಿಯಲ್ಲಿ ನೂರಕ್ಕೆ ನೂರು ತೆಗೆದವರೂ ಇದ್ದಾರೆ. ಆದರೂ ಆ 41 ನನಗೆ ಬಹಳ ದೊಡ್ಡ ಅಂಕ. ಅವನು ಈ ಪುಟಗಳನ್ನು ಓದುತ್ತಾನೆ. ಹೆಸರು ಬರೆದರೆ ಸಂಕೋಚಪಟ್ಟುಕೊಳ್ಳುತ್ತಾನೆಂದು ಬರೆದಿಲ್ಲ.

1991ರ ನಂತರ ಆರ್ಥಿಕ ನೀತಿ ಬದಲಾಯಿತು. ಕಂಪನಿಗಳ ಸಿದ್ಧ ಸೆಟ್ಟುಗಳು ಅಗ್ಗವಾಗಿ ದೊರೆತಂತೆ ಅಸೆಂಬಲ್ ಮಾಡುವ ಅಂಗಡಿಗಳು ಒಂದೊಂದಾಗಿ ಮೊಬೈಲ್ ಅಂಗಡಿಗಳಾದವು. ಇದರಲ್ಲಿ ಕೊರಗುವಂಥದು ಏನೂ ಇಲ್ಲ. ಜನರಿಗೆ ಅನುಕೂಲವೇ ಆಯಿತು. ಅಂಗೈಯಗಲದ ಬ್ಲೂಟೂತ್ ಡಬ್ಬಿಯಿಂದ ನಾಲ್ಕು ದಶಕದ ಹಿಂದಿನ ಎಷ್ಟೋ ಪೆಟ್ಟಿಗೆಗಳನ್ನು ಮೀರಿಸುವ ನಾದ ಬರುತ್ತದೆ. ಆದರೆ ಅದನ್ನು ಬಿಚ್ಚಲಾಗುವುದಿಲ್ಲ. ಕೆಟ್ಟರೆ ಎಸೆಯಬೇಕು. ಮಗುವೊಂದು 'ಇದರಲ್ಲಿ ವರ್ಗ ಯಾಕೆ ಬರುತ್ತದೆ?' ಎಂದು ಕೇಳುವ ಅವಕಾಶ ಅದರೊಳಗೆ ಇಲ್ಲ.

ಕೈಯಾರೆ ಮಾಡುವ ವಿದ್ಯೆ ಮಾತ್ರ ಸತ್ತಿಲ್ಲ, ಹಿಂದೆಂದಿಗಿಂತ ಸುಲಭವಾಗಿದೆ. ನಾವು ಎರಡು ದಿನಕ್ಕೆ ಎರವಲು ತಂದ ಸಂಕೇತ ಉತ್ಪಾದಕದ ಕೆಲಸವನ್ನು ಇಂದು ಫೋನು ಮಾಡುತ್ತದೆ. ತೀಲ್-ಸ್ಮಾಲ್ ಅಂಕಿಗಳನ್ನು ತಯಾರಕರೇ ಅಚ್ಚು ಹಾಕಿ ಕೊಡುತ್ತಾರೆ. ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ ಎಂಜಿನಿಯರಾಗಿದ್ದ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್, ಸ್ವರಗಳನ್ನು ವೂಫರಿಗೂ ಟ್ವೀಟರಿಗೂ ಹಂಚುವ ಕ್ರಮವನ್ನು ತಮ್ಮ ಸಹೋದ್ಯೋಗಿ ರಸ್ ರೈಲಿಯವರ ಹೆಸರಿನೊಡನೆ ಲೋಕಕ್ಕೆ ಕೊಟ್ಟವರು, 2018ರಲ್ಲಿ ತೀರಿಕೊಳ್ಳುವ ತನಕ ಮನೆಯಲ್ಲಿ ಸ್ಪೀಕರು ಮಾಡುವವರಿಗಾಗಿ ಬರೆಯುತ್ತಲೇ ಇದ್ದರು. ರಜೆಗೆ ಬಂದ ಮೊಮ್ಮಕ್ಕಳೊಂದಿಗೆ ಯಾರಾದರೂ ಇದನ್ನು ಪ್ರಯತ್ನಿಸುವುದಾದರೆ ಒಂದೆರಡು ಮಾತು: ಹಲಗೆ ಮುಕ್ಕಾಲು ಇಂಚಿಗಿಂತ ತೆಳ್ಳಗೆ ಬೇಡ, ಸಂದಿನಲ್ಲಿ ಗಾಳಿ ಸೋರಬಾರದು, ಒಳಗೆ ಗಾಜಿನ ಉಣ್ಣೆ ಹಾಕುವಿರಾದರೆ ಮಕ್ಕಳ ಕೈಗೆ ಕೊಡಬೇಡಿ, ತುರಿಕೆಯಾಗುತ್ತದೆ, ಆಂಪ್ಲಿಫೈಯರಿನ ವಿದ್ಯುತ್ ಭಾಗವನ್ನು ತಿಳಿದವರೇ ಮುಟ್ಟಲಿ.

ಕಡೆಯದಾಗಿ ವಿಲ್ಚರ್ ಅವರ ಬಾಳಿನ ಉತ್ತರಾರ್ಧವನ್ನು ಹೇಳಬೇಕು. 1967ರಲ್ಲಿ ಅವರು ತಮ್ಮ ಸಂಸ್ಥೆಯನ್ನು ಮಾರಿ, ಕಿವಿ ಮಂದವಾದವರ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಆಗಿನ ಶ್ರವಣಯಂತ್ರಗಳು ಎಲ್ಲ ಶಬ್ದವನ್ನೂ ಒಂದೇ ಸಮನೆ ಹಿಗ್ಗಿಸುತ್ತಿದ್ದವು. ಪಿಸುಮಾತು ಕೇಳುವಂತೆ ಮಾಡಿದರೆ ಪಾತ್ರೆ ಬಿದ್ದ ಸದ್ದು ಸಿಡಿಲಾಗುತ್ತಿತ್ತು. ಮಂದ್ರ ಮತ್ತು ತಾರ ಸ್ವರಗಳನ್ನು ಬೇರ್ಪಡಿಸಿ, ಮೆಲುದನಿಯನ್ನು ಹೆಚ್ಚಾಗಿಯೂ ಜೋರುದನಿಯನ್ನು ಕಡಿಮೆಯಾಗಿಯೂ ಹಿಗ್ಗಿಸುವ ವಿಧಾನವನ್ನು ಅವರು ರೂಪಿಸಿ 1973ರಲ್ಲಿ ಪ್ರಕಟಿಸಿದರು. ಸ್ಪೀಕರಿಗೆ ಪೇಟೆಂಟ್ ಪಡೆದಿದ್ದ ಅವರು ಇದಕ್ಕೆ ಪಡೆಯಲಿಲ್ಲ; ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟರು. ಇಂದಿನ ಶ್ರವಣಯಂತ್ರಗಳ ಬುನಾದಿ ಅದು.

ಎರಡು ವರ್ಷದಿಂದ ನಾನೂ ಅಂಥದೊಂದನ್ನು ಕಿವಿಗೆ ಹಾಕಿಕೊಳ್ಳುತ್ತಿದ್ದೇನೆ. ತಂಬೂರಿಯ ಮೇಲಿನ ಸ್ವರಗಳು ಅದಿಲ್ಲದೆ ನನಗೆ ಕೇಳಿಸುವುದಿಲ್ಲ. ಮೊಮ್ಮಗಳು ಅಡುಗೆಮನೆಯಿಂದ 'ತಾತ' ಎಂದರೆ ತಿರುಗಿ ನೋಡುವುದು ಸಾಧ್ಯವಾಗಿರುವುದು, ಎಲ್ಲೋ ದೂರದ ದೇಶದ ಒಬ್ಬ ಮೇಷ್ಟರು ತಮಗೆ ಗೊತ್ತಿದ್ದುದನ್ನು ಬರೆದು ಹಂಚಿದ್ದರಿಂದ. ಅವರು 2011ರಲ್ಲಿ ತೀರಿಕೊಂಡರು. ನಮ್ಮ ಕಸುಬಿನ ಹಿರಿಯರೊಬ್ಬರಿಗೆ ಈ ಬರಹದ ಮೂಲಕ ನನ್ನ ನಮಸ್ಕಾರ.

ನಿಮ್ಮಲ್ಲಿ ಯಾರ ಅಟ್ಟದ ಮೇಲಾದರೂ ಹಳೆಯ ಸ್ಪೀಕರ್ ಪೆಟ್ಟಿಗೆಯಿದ್ದರೆ ಎಸೆಯುವ ಮುನ್ನ ನನಗೊಂದು ಮಾತು ತಿಳಿಸಿ.